ಇಬ್ಬರು ಅಕ್ಕತಂಗಿಯರ ಆಯಸ್ಸು: ಮುಪ್ಪನ್ನು ಅಳೆಯುವ ವಿಜ್ಞಾನಿಗಳಿಗೆ ಚಳ್ಳಕೆರೆಯಿಂದ ಒಂದು ಬಹಿರಂಗ ಪತ್ರ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮುಪ್ಪಿನ ಬಗ್ಗೆ ಸಂಶೋಧನೆ ನಡೆಸುತ್ತಿರುವ ಎಲ್ಲ ವಿಜ್ಞಾನಿಗಳಿಗೆ, ಚಳ್ಳಕೆರೆ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರ ವಿಜ್ಞಾನ ಶಿಕ್ಷಕಿಯ ನಮಸ್ಕಾರಗಳು.

ಮಾನ್ಯರೇ,

2022ರ ಸೆಪ್ಟೆಂಬರಿನಲ್ಲಿ ಮಾರಿಕಣಿವೆ ಕೋಡಿ ಬಿತ್ತು. ಕಾಗದಪತ್ರದಲ್ಲಿ ಅದು ವಾಣಿವಿಲಾಸ ಸಾಗರ, ನಮ್ಮ ಬಾಯಲ್ಲಿ ಇಂದಿಗೂ ಮಾರಿಕಣಿವೆಯೇ. ಅದಕ್ಕೂ ಹಿಂದೆ ಕೋಡಿ ಬಿದ್ದದ್ದು 1933ರಲ್ಲಿ. 89 ವರ್ಷದ ಮೇಲೆ ನೀರು ಹೊರಬಿದ್ದಿದೆ ಎಂದು ಇಡೀ ಜಿಲ್ಲೆಯೇ ಹಿರಿಯೂರಿನ ಕಡೆ ಹೊರಟಿತ್ತು. ನಾನೂ ನನ್ನ ದೊಡ್ಡವ್ವನನ್ನು ಕರೆದುಕೊಂಡು ಹೋಗಿದ್ದೆ. ಕಾರು ನಿಲ್ಲಿಸಿದಲ್ಲಿಂದ ಅರ್ಧ ಮೈಲಿಗೂ ಹೆಚ್ಚು ನಡೆಯಬೇಕಿತ್ತು. ಜನಜಂಗುಳಿ, ಕಾಲಡಿ ಕೆಸರು. ದೊಡ್ಡವ್ವ ನನ್ನ ತೋಳು ಹಿಡಿದದ್ದು ಇಳಿಜಾರಿನಲ್ಲಿ ಮಾತ್ರ. ನೀರಿನ ಅಂಚಿಗೆ ಹೋಗಿ, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಕುಕ್ಕರುಗಾಲಲ್ಲಿ ಕೂತು, ಬೊಗಸೆ ತುಂಬ ನೀರು ತಗೊಂಡು ಕಣ್ಣಿಗೊತ್ತಿಕೊಂಡಳು. ಆಮೇಲೆ ನೆಲಕ್ಕೆ ಕೈಯೂರದೆ ಎದ್ದು ನಿಂತಳು.

“ಆವಾಗ ನಾನು ತೊಟ್ಲಾಗಿದ್ದೆ ಕಣೇ. ನಮ್ಮವ್ವ ಸೊಂಟದ ಮ್ಯಾಲೆ ಎತ್ಕಂಡು ಬಂದು ತೋರ್ಸಿದ್ಲಂತೆ. ಈಗ ನೀನು ಕರ್ಕಂಡು ಬಂದೆ” ಅಂದಳು.

ಅವಳು ಹಾಗೆ ಎದ್ದು ನಿಂತದ್ದನ್ನು ನೋಡಿ ನನಗೆ ಕಣ್ಣು ತುಂಬಿ ಬಂತು. ನೆನಪಾದದ್ದು ನನ್ನ ಅವ್ವ. ಅವ್ವ ಈ ದೊಡ್ಡವ್ವನಿಗಿಂತ ಏಳು ವರ್ಷ ಚಿಕ್ಕವಳು. ಒಂದೇ ತಾಯಿಯ ಹೊಟ್ಟೆ, ಒಂದೇ ಮನೆಯ ಅನ್ನ. ಅರವತ್ತರ ಹೊತ್ತಿಗೆ ಅವ್ವನ ಬೆನ್ನು ಬಿಲ್ಲಾಗಿತ್ತು, ಅರವತ್ತೈದಕ್ಕೆ ಹಾಸಿಗೆ ಹಿಡಿದಳು. ಏಳು ವರ್ಷ ಮಲಗಿದಲ್ಲೇ ಇದ್ದು 2012ರಲ್ಲಿ ತೀರಿಕೊಂಡಳು. ದೊಡ್ಡವ್ವನಿಗೆ ಈಗ 92.

ಇದೇಕೆ ಹೀಗೆ ಎಂದು ಕೇಳುವುದಕ್ಕೇ ಈ ಪತ್ರ ಬರೆಯುತ್ತಿದ್ದೇನೆ. ಕೇಳಬೇಕಾದದ್ದು ನಿಮ್ಮನ್ನೇ. 2024ರಲ್ಲಿ ನಿಮ್ಮ ಸಂಸ್ಥೆ ‘ಲಾಂಜಿವಿಟಿ ಇಂಡಿಯಾ’ ಎಂಬ ಕಾರ್ಯಕ್ರಮ ಶುರುಮಾಡಿತು. ಅದರಡಿ ‘ಭಾರತ್’ ಎಂಬ ಅಧ್ಯಯನ ನಡೆಯುತ್ತಿದೆ. ನಮ್ಮ ಜನರಿಗೆ ವಯಸ್ಸಾಗುವಾಗ ರಕ್ತದಲ್ಲಿ, ಕೋಶಗಳಲ್ಲಿ, ಅಂಗಾಂಗಗಳಲ್ಲಿ ಏನೇನು ಬದಲಾಗುತ್ತದೆ ಎಂದು ಹುಡುಕುವುದು ಅದರ ಕೆಲಸ. ಪಶ್ಚಿಮದ ದೇಶಗಳಲ್ಲಿ ಕಟ್ಟಿದ ಅಳತೆಗೋಲು ನಮಗೆ ಹೊಂದದೆ ಹೋಗಬಹುದು, ಭಾರತೀಯರಿಗೆ ಭಾರತೀಯರದೇ ಆಧಾರರೇಖೆ ಬೇಕು ಎನ್ನುವುದು ನಿಮ್ಮ ವಾದ. ಅದನ್ನು ಓದಿದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ. ಆ ರೇಖೆ ಎಳೆಯುವಾಗ ನಮ್ಮ ಬಯಲುಸೀಮೆಯ ಮುದುಕ ಮುದುಕಿಯರನ್ನೂ ಲೆಕ್ಕಕ್ಕೆ ಹಿಡಿಯಿರಿ ಎಂದು ಕೇಳಿಕೊಳ್ಳುತ್ತೇನೆ. ಮುಪ್ಪು ಎಲ್ಲಿ ಓಡೋಡಿ ಬರುತ್ತಿದೆಯೋ ಅಲ್ಲಿ ನಿಂತು ನೋಡದೆ, ಅದನ್ನು ನಿಧಾನ ಮಾಡುವ ದಾರಿ ಸಿಗುತ್ತದೆ ಎಂದು ನನಗೆ ಅನ್ನಿಸುವುದಿಲ್ಲ.

ಅವ್ವನನ್ನು ಕೊಟ್ಟದ್ದು ಜಗಳೂರು ತಾಲ್ಲೂಕಿನ ಒಂದು ಊರಿಗೆ. ಆಗ ಅದೂ ಚಿತ್ರದುರ್ಗ ಜಿಲ್ಲೆಯೇ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಅದಕ್ಕೆ ಸೇರಿತು. ದೊಡ್ಡವ್ವ ಸೇರಿದ್ದು ಮಾರಿಕಣಿವೆಯ ಕೆಳಗಿನ ತೋಟದ ಊರು. ಅವರ ಮನೆಗೆ ಕಾಲುವೆ ಪಕ್ಕದ ಸಿಹಿನೀರು ಬಾವಿ. ನಮ್ಮದು ಮಳೆ ಕಂಡರೆ ಬೆಳೆ ಎನ್ನುವ ಊರು. ಕುಡಿಯಲು ಒಂದು ತೆರೆದ ಬಾವಿ, ಬೇಸಿಗೆಯಲ್ಲಿ ಅದೂ ಬತ್ತುತ್ತಿತ್ತು. 1981ರಲ್ಲಿ ನಮ್ಮೂರಿಗೆ ಮೊದಲ ಬೋರು ಬಂತು. ಹ್ಯಾಂಡ್‌ಪಂಪಿಗೆ ಅರಿಸಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಊರ ಹೆಂಗಸರು ಆರತಿ ಎತ್ತಿದ್ದು ನನಗೆ ಚೆನ್ನಾಗಿ ನೆನಪಿದೆ. ನನಗೆ ಒಂಬತ್ತು ವರ್ಷ, ತಮ್ಮನಿಗೆ ಮೂರು.

ಇವತ್ತು ನಾವಿಬ್ಬರೂ ಪಕ್ಕಪಕ್ಕ ನಿಂತು ನಕ್ಕರೆ ಆ ಬೋರಿನ ಚರಿತ್ರೆ ಕಾಣುತ್ತದೆ. ನನ್ನ ಹಲ್ಲು ಬೆಳ್ಳಗಿವೆ. ತಮ್ಮನ ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡ ಕಂದು ಪಟ್ಟೆಗಳು. ಕಾಯಂ ಹಲ್ಲಿನ ಹೊರಕವಚ ಕಟ್ಟಿಕೊಳ್ಳುವುದು ಸುಮಾರು ಎಂಟು ವರ್ಷದೊಳಗೆ. ಬೋರು ಬಂದಾಗ ನನ್ನದು ಮುಗಿದಿತ್ತು, ಅವನದು ಇನ್ನೂ ನಡೆದಿತ್ತು. ನೀರಿನಲ್ಲಿ ಫ್ಲೋರೈಡ್ ಇತ್ತು.

ನಮ್ಮ ಜಿಲ್ಲೆಗಳ ನೆಲದಡಿ ಇರುವ ಗಟ್ಟಿ ಕಲ್ಲಿನಲ್ಲೇ ಫ್ಲೋರೈಡ್ ಇದೆ. ನೀರು ಕಲ್ಲಿನ ಸಂದಿಯಲ್ಲಿ ಎಷ್ಟು ಕಾಲ ನಿಂತಿರುತ್ತದೋ ಅಷ್ಟು ಫ್ಲೋರೈಡ್ ಬಿಡಿಸಿಕೊಳ್ಳುತ್ತದೆ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಮಿತಿ ಮೀರಿದ ನೀರನ್ನು ಇಪ್ಪತ್ತು ಮೂವತ್ತು ವರ್ಷ ಕುಡಿದರೆ ಅದು ಮೂಳೆಯೊಳಗೆ ಹೋಗಿ ಕೂರುತ್ತದೆ. ಮೂಳೆ ದಪ್ಪವಾಗುತ್ತದೆ, ಆದರೆ ಪೆಡಸಾಗುತ್ತದೆ. ಮೂಳೆ ಮೂಳೆಯನ್ನು ಹಿಡಿದಿರುವ ಬಂಧಗಳಲ್ಲಿ ಸುಣ್ಣ ತುಂಬುತ್ತದೆ. ಬೆನ್ನುಮೂಳೆಯ ಕಡೆ ಹಾಗಾದರೆ ಮನುಷ್ಯ ನಿಧಾನವಾಗಿ ಒಂದೇ ಕಂಬವಾಗಿಬಿಡುತ್ತಾನೆ.

ಅವ್ವನಿಗೆ ಆದದ್ದು ಅದೇ. ನಾನದನ್ನು ಮೊದಲು ಕಂಡದ್ದು ನಾಯಕನಹಟ್ಟಿ ತೇರಿನಲ್ಲಿ. ವರ್ಷಕ್ಕೊಂದು ಸಲ ತಿಪ್ಪೇರುದ್ರಸ್ವಾಮಿಯ ತೇರಿನ ಕಳಸಕ್ಕೆ ಕೈ ಮುಗಿಯದಿದ್ದರೆ ಅವ್ವನಿಗೆ ಸಮಾಧಾನವಿರಲಿಲ್ಲ. ಆ ವರ್ಷ ತೇರು ಹತ್ತಿರ ಬಂತು, ಸುತ್ತಲಿನವರೆಲ್ಲ ತಲೆಯೆತ್ತಿ ಬಾಳೆಹಣ್ಣು ಎಸೆಯುತ್ತಿದ್ದಾರೆ, ಅವ್ವ ಮಾತ್ರ ಗಾಲಿಯನ್ನೇ ನೋಡುತ್ತ ನಿಂತಿದ್ದಾಳೆ. “ಮ್ಯಾಲೆ ನೋಡವ್ವ” ಅಂದೆ. ಕತ್ತು ಮೇಲೇಳಲಿಲ್ಲ. ಮೊಣಕಾಲು ಮಡಿಸಿ, ಇಡೀ ಮೈಯನ್ನೇ ಹಿಂದಕ್ಕೆ ವಾಲಿಸಲು ನೋಡಿದಳು. ಹಿಂದೆ ನಿಂತಿದ್ದ ನಾನು ಹಿಡಿದುಕೊಂಡೆ. ಹಾಗೆ ನನ್ನ ಎದೆಗೊರಗಿಸಿಕೊಂಡು ಕಳಸ ತೋರಿಸಿದೆ. ಅವಳಿಗೆ ಆಗ ಐವತ್ತೆಂಟು. “ವಯಸ್ಸಾತಲ್ಲ” ಅಂದಳು. ನಾನೂ ಹೌದೆಂದುಕೊಂಡೆ. ಊರಲ್ಲಿ ಎಲ್ಲರೂ ಹಾಗೇ ಇದ್ದರು.

ಬಿ.ಇಡಿ. ಮುಗಿಸಿ ಮೇಷ್ಟ್ರಾಗಿ ವರ್ಷಗಳೇ ಕಳೆದ ಮೇಲೆ ಒಮ್ಮೆ ಶಾಲೆಗೆ ನೀರು ಪರೀಕ್ಷೆಯ ಕಿಟ್ ಬಂತು. ಸಣ್ಣ ಶೀಶೆಯಲ್ಲಿ ನೀರು ಹಾಕಿ ದ್ರಾವಣದ ಹನಿ ಬಿಟ್ಟರೆ ಗುಲಾಬಿ ಬಣ್ಣ ಬರುತ್ತದೆ. ಫ್ಲೋರೈಡ್ ಹೆಚ್ಚಿದ್ದಷ್ಟೂ ಆ ಗುಲಾಬಿ ಮಾಸಿ ಹಳದಿಯಾಗುತ್ತದೆ. ಊರಿಗೆ ಹೋದಾಗ ನಮ್ಮ ಬೋರಿನ ನೀರು ತುಂಬಿ ತಂದೆ. ಪ್ರಯೋಗಾಲಯದ ಕಿಟಕಿ ಬೆಳಕಿಗೆ ಹಿಡಿದು ನೋಡುತ್ತಿದ್ದ ಹಾಗೇ ಹಳದಿಗೆ ತಿರುಗಿತು. ಮಕ್ಕಳು “ಮೇಡಂ, ಚಂದ ಐತೆ” ಅಂದರು. ನಾನು ಆ ದಿನ ಪಾಠ ಮುಂದುವರಿಸಲಾಗಲಿಲ್ಲ.

ನೀವು ಹೇಳಬಹುದು: ಇದು ಮುಪ್ಪಲ್ಲ, ಕಾಯಿಲೆ. ನಾನೂ ಮಕ್ಕಳಿಗೆ ಪರೀಕ್ಷೆಗೆ ಹಾಗೇ ಬರೆಸುತ್ತೇನೆ. ಆದರೆ ಎರಡರ ನಡುವಿನ ಗೆರೆಯನ್ನು ಅಳಿಸುತ್ತಿರುವುದು ನಿಮ್ಮ ವಿಜ್ಞಾನವೇ ಅಲ್ಲವೇ? ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ಪಟ್ಟಿಯ ಹನ್ನೊಂದನೇ ಆವೃತ್ತಿ ಮಾಡುವಾಗ ‘ವೃದ್ಧಾಪ್ಯ’ ಎಂಬ ಪದವನ್ನೇ ಪಟ್ಟಿಗೆ ಸೇರಿಸಲು ಹೊರಟಿತ್ತು. ಮುದುಕರನ್ನೆಲ್ಲ ರೋಗಿಗಳು ಎಂದ ಹಾಗಾಗುತ್ತದೆ ಎಂದು ವಿರೋಧ ಬಂದು, ಕೊನೆಗೆ ಅದನ್ನು ತೆಗೆದು, ವಯಸ್ಸಿನೊಂದಿಗೆ ದೇಹದ ಒಳಶಕ್ತಿ ಕುಂದುವುದು ಎಂಬ ಅರ್ಥದ ಮಾತು ಹಾಕಿದರು. 2013ರಲ್ಲಿ ವಿಜ್ಞಾನಿಗಳು ಮುಪ್ಪಿನ ಒಂಬತ್ತು ಲಕ್ಷಣಗಳನ್ನು ಗುರುತಿಸಿದರು, 2023ಕ್ಕೆ ಅವು ಹನ್ನೆರಡಾದವು. ದೇಹದೊಳಗೆ ಆರದೆ ಹೊಗೆಯಾಡುವ ಉರಿಯೂತ, ವಿಭಜನೆ ನಿಲ್ಲಿಸಿಯೂ ಸಾಯದೆ ಉಳಿದು ಸುತ್ತಲಿನ ಕೋಶಗಳನ್ನು ಕೆಡಿಸುವ ಮುದಿ ಕೋಶಗಳು, ಕೋಶದ ಕಸ ಗುಡಿಸುವ ವ್ಯವಸ್ಥೆ ಸೋಲುವುದು, ಇವೆಲ್ಲ ಅದರಲ್ಲಿವೆ. ಇವು ಕ್ಯಾಲೆಂಡರ್ ನೋಡಿಕೊಂಡು ಬರುವುದಿಲ್ಲ. ಹೊಗೆ, ಧೂಳು, ಕೆಟ್ಟ ನೀರು, ಅರೆಹೊಟ್ಟೆ, ನಿದ್ದೆಗೆಟ್ಟ ದುಡಿಮೆ ಇವನ್ನು ಬೇಗ ಕರೆತರುತ್ತವೆ.

ಇದಕ್ಕೆ ನಿಮ್ಮ ಲೋಕದಲ್ಲೇ ಒಂದು ದೊಡ್ಡ ಸಾಕ್ಷಿಯಿದೆ. ನ್ಯೂಜಿಲೆಂಡಿನ ಡ್ಯುನೆಡಿನ್ ಎಂಬ ಊರಿನಲ್ಲಿ 1972ರ ಏಪ್ರಿಲ್‌ನಿಂದ 1973ರ ಮಾರ್ಚ್‌ವರೆಗೆ ಹುಟ್ಟಿದ 1,037 ಮಕ್ಕಳನ್ನು ಇವತ್ತಿನವರೆಗೂ ಬಿಡದೆ ಹಿಂಬಾಲಿಸಿದ್ದಾರೆ. ಅವರಿಗೆ 38 ತುಂಬಿದಾಗ ಮೂತ್ರಪಿಂಡ, ಶ್ವಾಸಕೋಶ, ಯಕೃತ್ತು, ವಸಡು, ಕಣ್ಣೊಳಗಿನ ರಕ್ತನಾಳ ಎಲ್ಲವನ್ನೂ ಅಳೆದು ನೋಡಿದರೆ, ಕೆಲವರ ದೇಹಕ್ಕೆ ಮೂವತ್ತೂ ಆಗಿರಲಿಲ್ಲ, ಕೆಲವರದು ಅರವತ್ತರ ಹತ್ತಿರ ಹೋಗಿತ್ತು. ಒಂದು ವರ್ಷ ಕಳೆಯುವುದರಲ್ಲಿ ಮೂರು ವರ್ಷದಷ್ಟು ಸವೆಯುವ ದೇಹಗಳೂ ಅಲ್ಲಿದ್ದವು. 2015ರಲ್ಲಿ ಇದು ಪ್ರಕಟವಾಯಿತು.

ನಾನೂ 1972ರಲ್ಲೇ ಹುಟ್ಟಿದವಳು. ಎರಡು ವರ್ಷದ ಹಿಂದೆ ನಮ್ಮ 1988ರ ಎಸ್ಸೆಸ್ಸೆಲ್ಸಿ ಬ್ಯಾಚಿನವರು ಗುರುವಂದನೆ ಇಟ್ಟುಕೊಂಡಿದ್ದೆವು. ಶಾಮಿಯಾನ, ಹಾರ, ಹೋಳಿಗೆ ಊಟ, ಕೊನೆಗೆ ಗ್ರೂಪ್ ಫೋಟೊ. ಆ ಫೋಟೊ ನನ್ನ ಮೇಜಿನ ಗಾಜಿನಡಿ ಇದೆ. ಹಿಂದಿನ ಸಾಲಿನಲ್ಲಿ ಬೆಂಗಳೂರಿನಿಂದ ಬಂದ ಗೆಳೆಯನೊಬ್ಬ, ತಲೆಗೂದಲು ಇನ್ನೂ ಅರ್ಧ ಕಪ್ಪು, ಬೆಳಗ್ಗೆ ಐದು ಕಿಲೋಮೀಟರ್ ಓಡುತ್ತಾನಂತೆ. ಅವನ ಪಕ್ಕದಲ್ಲಿ ಕುರ್ಚಿಯ ಬೆನ್ನು ಹಿಡಿದು ನಿಂತವನು ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಮೂವತ್ತು ವರ್ಷ ದುಡಿದವನು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂರುತ್ತಿದ್ದರು. ನಮಗೆ ಪಾಠ ಮಾಡಿದ ಮೇಷ್ಟ್ರು ವೇದಿಕೆಯಿಂದ ಇಳಿದು ಬಂದು ಅವನನ್ನು ನೋಡಿ, ಯಾರದೋ ತಂದೆ ಇರಬೇಕೆಂದು “ಯಜಮಾನ್ರೇ, ಕೂತ್ಕಳಿ” ಅಂದರು.

ಅವನ ಮನೆಗೆ ಆಮೇಲೊಮ್ಮೆ ಹೋಗಿದ್ದೆ. ಭಟ್ಟಿಯ ಕೆಲಸ ನಸುಕಿಗೂ ಮುಂಚೆ ಶುರು. ಬಾಣಲೆಯಲ್ಲಿ ಮರಳು ಕೆಂಪಗೆ ಕಾಯಬೇಕು, ಉಪ್ಪುನೀರು ಕುಡಿಸಿದ ಅಕ್ಕಿ ಸುರಿದ ಕೂಡಲೇ ಅರಳುತ್ತದೆ, ಜಾಲರಿಯಲ್ಲಿ ಬಾಚಿ ತೆಗೆಯಬೇಕು. ಉರಿಯ ಮುಂದೆ ಮುಖ, ಹೊಗೆಯೊಳಗೆ ಉಸಿರು. ಒಲೆಗೆ ಹಳೇ ಟೈರು ಹಾಕುತ್ತಿದ್ದ ಕಾಲವೂ ಇತ್ತು. ಸಂಜೆ ನಾವೆಲ್ಲ ಮಿರ್ಚಿ ಜೊತೆ ತಿನ್ನುವ ಮಂಡಕ್ಕಿ ಅದು. ಮಾಡಿನ ಕೆಳಗೆ ಕೂತು ಮಾತಾಡುವಾಗ ಅವನು ಒಂದು ವಾಕ್ಯ ಮುಗಿಸಲು ಎರಡು ಸಲ ನಿಲ್ಲುತ್ತಿದ್ದ. ಅವನಿಗೂ ನನಗೂ ಒಂದೇ ವಯಸ್ಸು ಎಂದು ಆಧಾರ್ ಹೇಳುತ್ತದೆ. ದೇಹದ ಸವೆತ ನೋಡಿ ವಯಸ್ಸು ಹೇಳುವ ನಿಮ್ಮ ಗಡಿಯಾರ ಬೇರೆ ಹೇಳುತ್ತದೆ ಎಂದು ನನಗೆ ಖಾತ್ರಿಯಿದೆ.

ಅದೇ ಗಡಿಯಾರದ ಬಗ್ಗೆ ಇನ್ನೊಂದು ಮಾತು ಹೇಳಬೇಕು, ಇದು ನಿಮ್ಮ ಕೆಲಸಕ್ಕೇ ಅಡ್ಡ ಬರುವಂಥದ್ದು. ತರಗತಿಯಲ್ಲಿ ಒಮ್ಮೆ ಒಂದು ಮಿಲಿಮೀಟರ್ ಉದ್ದದ ದುಂಡುಹುಳದ ಕಥೆ ಹೇಳುತ್ತಿದ್ದೆ. ಎರಡು ಮೂರು ವಾರ ಬದುಕುವ ಹುಳ. 1993ರಲ್ಲಿ ಸಿಂಥಿಯಾ ಕೆನ್ಯನ್ ಎಂಬ ವಿಜ್ಞಾನಿ ಅದರ ಒಂದೇ ಜೀನ್ ಬದಲಾದರೆ ಆಯಸ್ಸು ಇಮ್ಮಡಿಯಾಗುತ್ತದೆ ಎಂದು ತೋರಿಸಿದರು. ಒಂಬತ್ತನೇ ತರಗತಿಯ ಹುಡುಗಿ ಎದ್ದು ನಿಂತು, “ಮೇಡಂ, ನಮ್ಮಜ್ಜಿಗೆ ಎಷ್ಟು ವಯಸ್ಸು ಅಂತ ನಮ್ಮನೇಲಿ ಯಾರಿಗೂ ಗೊತ್ತಿಲ್ಲ. ಆ ಹುಳದ ವಯಸ್ಸು ಅವ್ರಿಗೆ ಹೆಂಗೆ ಗೊತ್ತಾಯ್ತು?” ಎಂದು ಕೇಳಿದಳು.

ಪ್ರಯೋಗಾಲಯದಲ್ಲಿ ಮೊಟ್ಟೆ ಒಡೆದ ದಿನ ಬರೆದಿಡುತ್ತಾರೆ ಎಂದೆ. ಅವಳ ಅಜ್ಜಿ ಹುಟ್ಟಿದ ದಿನ ಯಾರೂ ಬರೆದಿಡಲಿಲ್ಲ. ನಮ್ಮ ಊರುಗಳಲ್ಲಿ ಎಪ್ಪತ್ತು ದಾಟಿದವರ ಆಧಾರ್ ನೋಡಿ, ಹೆಚ್ಚಿನವರು ಜನವರಿ 1ರಂದು ಹುಟ್ಟಿರುತ್ತಾರೆ. ವೋಟರ್ ಕಾರ್ಡ್ ಮಾಡಲು ಬಂದವರು ಮುಖ ನೋಡಿ ಬರೆದ ವಯಸ್ಸು, ಆಮೇಲೆ ಎಲ್ಲ ಕಾಗದಕ್ಕೂ ಅದೇ ಹೋಗಿದೆ. ದೊಡ್ಡವ್ವನ ಕಾರ್ಡಿನಲ್ಲಿ 01-01-1945. ಗಟ್ಟಿಯಾಗಿದ್ದಳಲ್ಲ, ಬರೆದವರಿಗೆ ಹನ್ನೆರಡು ವರ್ಷ ಚಿಕ್ಕವಳಾಗಿ ಕಂಡಿದ್ದಾಳೆ. ಸಂಧ್ಯಾ ಸುರಕ್ಷಾ ಪಿಂಚಣಿಗೆ 65 ತುಂಬಿರಬೇಕು. ಎಪ್ಪತ್ತೈದರ ದೊಡ್ಡವ್ವನ ಅರ್ಜಿ, ಕಾಗದದಲ್ಲಿ ಇನ್ನೂ 63 ಎಂದು ವಾಪಸ್ಸು ಬಂತು. ಮಾರಿಕಣಿವೆ ಕೋಡಿ ಬಿದ್ದ ವರ್ಷ ತೊಟ್ಟಿಲಲ್ಲಿದ್ದೆ ಎಂದು ಅವಳು ಹೇಳಿದ್ದನ್ನು ಮೇಜಿನಾಚೆ ಕೂತವರು ಬರೆದುಕೊಳ್ಳಲಿಲ್ಲ.

ನೀವು ರಕ್ತದಿಂದ ವಯಸ್ಸು ಹೇಳುವ ಗಡಿಯಾರ ಕಟ್ಟುತ್ತೀರಿ. 2013ರಲ್ಲಿ ಸ್ಟೀವ್ ಹೋರ್ವತ್ ಡಿಎನ್‌ಎ ಮೇಲಿನ 353 ಜಾಗಗಳಲ್ಲಿ ಅಂಟಿರುವ ರಾಸಾಯನಿಕ ಗುರುತುಗಳನ್ನು ಎಣಿಸಿ ವಯಸ್ಸು ಲೆಕ್ಕ ಹಾಕುವ ದಾರಿ ತೋರಿಸಿದರು. ದೇಹದ ವಯಸ್ಸಿಗೂ ಹುಟ್ಟಿದ ದಿನದ ವಯಸ್ಸಿಗೂ ಇರುವ ಅಂತರವೇ ಈ ವಿದ್ಯೆಯ ಜೀವಾಳ. ಹುಟ್ಟಿದ ದಿನವೇ ಸುಳ್ಳಾದರೆ? ದೊಡ್ಡವ್ವನ ಕಾರ್ಡನ್ನು ನಂಬಿದರೆ ನಿಮ್ಮ ಯಂತ್ರ ಅವಳನ್ನು ಬೇಗ ಮುದಿಯಾದವಳೆಂದು ಬರೆಯುತ್ತದೆ. ನಿಜಕ್ಕೆ ಪೂರ್ತಿ ಉಲ್ಟಾ. ನೂರು ದಾಟಿದವರು ಹೆಚ್ಚಿದ್ದಾರೆ ಎನ್ನುವ ಊರುಗಳಲ್ಲಿ ಎಷ್ಟೋ ಕಡೆ ಜನನ ಮರಣದ ದಾಖಲೆಯೇ ಕೆಟ್ಟದಾಗಿತ್ತು ಎಂದು ಸಾಲ್ ನ್ಯೂಮನ್ ಎಂಬ ಸಂಶೋಧಕ ತೋರಿಸಿದ್ದಾರೆ. 2024ರಲ್ಲಿ ಅವರಿಗೆ ಇಗ್ ನೊಬೆಲ್ ಕೊಟ್ಟರು, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಬಹುಮಾನ ಅದು. ಹಾಗಾಗಿ ನಮ್ಮಲ್ಲಿಗೆ ಬರುವಾಗ ಸೂಜಿ, ಶೀಶೆಗಳ ಜೊತೆ ಊರಿನ ಕಾಲಸೂಚಿಯನ್ನೂ ತನ್ನಿ. ಮಾರಿಕಣಿವೆ ಕೋಡಿ, ಗಾಂಧಿ ತೀರಿಕೊಂಡದ್ದು, ಮೊದಲ ಓಟು, ಊರಿಗೆ ಕರೆಂಟು ಬಂದದ್ದು, ಆಗ ನೀನು ಮೈನೆರೆದಿದ್ದೆಯಾ, ಮದುವೆಯಾಗಿತ್ತಾ, ಕಂಕುಳಲ್ಲಿ ಮಗು ಇತ್ತಾ ಎಂದು ಕೇಳಿದರೆ ಒಂದೆರಡು ವರ್ಷದ ಆಚೀಚೆಗೆ ವಯಸ್ಸು ಸಿಗುತ್ತದೆ. ಕೇಳುವ ಕೆಲಸಕ್ಕೆ ನಮ್ಮ ಆಶಾ ಕಾರ್ಯಕರ್ತೆಯರಿಗಿಂತ ಒಳ್ಳೆಯವರು ಸಿಗುವುದಿಲ್ಲ. ನನ್ನ ಶಾಲೆಯ ಮಕ್ಕಳೂ ಬರುತ್ತಾರೆ.

ಔಷಧದ ವಿಚಾರಕ್ಕೆ ಬರುತ್ತೇನೆ. ನನಗೆ ಆ ಕಡೆ ನಂಬಿಕೆ ಇದೆ, ಆಸೆಯೂ ಇದೆ. 1964ರಲ್ಲಿ ಕೆನಡಾದ ಒಂದು ತಂಡ ಪೆಸಿಫಿಕ್ ಸಾಗರದ ರಾಪಾ ನುಯಿ ದ್ವೀಪಕ್ಕೆ ಹೋಗಿ ಮಣ್ಣು ತಂದಿತು. ಅವಿಭಜಿತ ಭಾರತದ ಪಂಜಾಬಿನಲ್ಲಿ ಹುಟ್ಟಿದ ಸುರೇಂದ್ರನಾಥ ಸೆಹಗಲ್ ಮಾಂಟ್ರಿಯಲ್‌ನಲ್ಲಿ ಕೂತು ಆ ಮಣ್ಣಿನ ಬ್ಯಾಕ್ಟೀರಿಯಾದಿಂದ ರಾಪಮೈಸಿನ್ ಬೇರ್ಪಡಿಸಿದರು. ಕಂಪನಿ ಆ ಕೆಲಸ ಕೈಬಿಟ್ಟಾಗ ಬ್ಯಾಕ್ಟೀರಿಯಾವನ್ನು ಮನೆಯ ಫ್ರೀಜರಿನಲ್ಲಿಟ್ಟು ಉಳಿಸಿಕೊಂಡರು. ಮುಂದೆ ಅದು ಮೂತ್ರಪಿಂಡ ಕಸಿ ಮಾಡಿಸಿಕೊಂಡವರ ಔಷಧವಾಯಿತು. 2009ರಲ್ಲಿ, ಮನುಷ್ಯರಲ್ಲಾದರೆ ಅರವತ್ತರ ಸುಮಾರು ಎನ್ನಬಹುದಾದ ವಯಸ್ಸಿನ ಇಲಿಗಳಿಗೆ ತಿನ್ನಿಸಿ ನೋಡಿದರು: ಹೆಣ್ಣಿಲಿಗಳ ಆಯಸ್ಸು ಶೇ 14, ಗಂಡಿಲಿಗಳದು ಶೇ 9 ಹೆಚ್ಚಿತು. ಸೆಹಗಲ್ ಅದನ್ನು ನೋಡಲು ಇರಲಿಲ್ಲ, 2003ರಲ್ಲೇ ತೀರಿಕೊಂಡಿದ್ದರು. ಈ ಕಥೆ ಹೇಳುವಾಗ ನನ್ನ ಮಕ್ಕಳ ಕಣ್ಣು ಅರಳುತ್ತದೆ. ನಮ್ಮ ಕಾವಲಿನ ಮಣ್ಣಲ್ಲೂ ಏನೋ ಇರಬಹುದು ಅನ್ನುತ್ತಾರೆ. ಇರಬಹುದು, ಯಾಕಿರಬಾರದು.

ಮೆಟ್‌ಫಾರ್ಮಿನ್ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಸಿಗುತ್ತದೆ, ಸಕ್ಕರೆ ಕಾಯಿಲೆಯವರಿಗೆ. ಅದು ಮುಪ್ಪನ್ನೂ ನಿಧಾನ ಮಾಡಬಲ್ಲದೇ ಎಂದು 65ರಿಂದ 79 ವರ್ಷದ 3,000 ಜನರಲ್ಲಿ ಪರೀಕ್ಷಿಸಬೇಕೆಂದು ಅಮೆರಿಕದ ನಿರ್ ಬಾರ್ಜಿಲಾಯ್ ವರ್ಷಗಳಿಂದ ಹಣಕ್ಕಾಗಿ ಓಡಾಡುತ್ತಿದ್ದಾರೆ. ಪೇಟೆಂಟು ಮುಗಿದ ಅಗ್ಗದ ಮಾತ್ರೆ, ಲಾಭವಿಲ್ಲ, ಯಾವ ಕಂಪನಿಗೂ ಅದು ಬೇಡ. ಇಂಥ ಪ್ರಯೋಗಕ್ಕೆ ಸರ್ಕಾರದ ಹಣ, ನಿಮ್ಮಂಥ ಸಂಸ್ಥೆಯ ಹೆಸರು ಬೇಕು. ನಡುವೆ ವಾಟ್ಸ್ಆ್ಯಪ್‌ನಲ್ಲಿ ಬರುವ ‘ವಯಸ್ಸು ತಿರುಗಿಸುವ’ ಪುಡಿಗಳಿಗೆ ನಮ್ಮ ಜನ ದುಡ್ಡು ಸುರಿಯುತ್ತಿದ್ದಾರೆ. ನನ್ನ ತಮ್ಮನೇ ಒಂದು ಡಬ್ಬಿಗೆ ಶೇಂಗಾ ಮಾರಿದ ದುಡ್ಡಿನಲ್ಲಿ ಮೂರು ಸಾವಿರ ಕೊಟ್ಟ. ಡಬ್ಬಿಯ ಮೇಲೆ ಏನಿದೆ ಎಂದು ಓದಿ ಹೇಳುವವರು ಆ ಊರಲ್ಲಿ ಇರಲಿಲ್ಲ.

ಉಪವಾಸದ ಬಗ್ಗೆಯೂ ಒಂದು ಮಾತು, ಯಾಕೆಂದರೆ ಇದನ್ನು ನಮ್ಮಲ್ಲಿ ಅಪಾರ್ಥ ಮಾಡಿಕೊಳ್ಳುತ್ತಾರೆ. 1935ರಲ್ಲಿ ಕ್ಲೈವ್ ಮ್ಯಾಕೆ ಇಲಿಗಳಿಗೆ ಕಡಿಮೆ ತಿನ್ನಿಸಿದಾಗ ಅವು ಹೆಚ್ಚು ಕಾಲ ಬದುಕಿದವು, ನಿಜ. ಆದರೆ ಅವಕ್ಕೆ ಬೇಕಾದ ಜೀವಸತ್ವ, ಲವಣ ಯಾವುದಕ್ಕೂ ಕೊರತೆ ಮಾಡಿರಲಿಲ್ಲ. ಮಕ್ಕಳೆಲ್ಲ ಬೆಂಗಳೂರು ಸೇರಿ, ಒಬ್ಬಳೇ ಉಳಿದ ಮುದುಕಿ ಒಲೆ ಹಚ್ಚಲು ಬೇಸರವಾಗಿ ಮಧ್ಯಾಹ್ನದ ಅರ್ಧ ಮುದ್ದೆಯಲ್ಲೇ ದಿನ ಕಳೆಯುವುದು ಆ ಪ್ರಯೋಗವಲ್ಲ. ಅದು ಬರೀ ಹಸಿವು. ಪತ್ರಿಕೆಗಳಲ್ಲಿ “ಕಡಿಮೆ ತಿಂದರೆ ಹೆಚ್ಚು ಆಯಸ್ಸು” ಎಂದು ದಪ್ಪಕ್ಷರದಲ್ಲಿ ಬಂದಾಗೆಲ್ಲ ನನಗೆ ಆ ಮುದುಕಿ ಕಣ್ಣ ಮುಂದೆ ಬರುತ್ತಾಳೆ. ನೀವು ಕನ್ನಡದಲ್ಲಿ ಮಾತಾಡುವಾಗ ಈ ಭೇದವನ್ನು ಬಿಡಿಸಿ ಹೇಳಿ.

ನಮ್ಮ ಕಡೆಯ ಹಿರಿಯರು ದೇವರಲ್ಲಿ ನೂರು ವರ್ಷ ಬೇಡುವುದಿಲ್ಲ. “ಕೈಕಾಲು ಗಟ್ಟಿ ಇರಾಗ್ಲೇ ಕರ್ಕಂಬಿಡಪ್ಪ, ಮಲಗಂಗೆ ಮಾಡಬ್ಯಾಡ” ಅನ್ನುತ್ತಾರೆ. 1980ರಲ್ಲಿ ಜೇಮ್ಸ್ ಫ್ರೈಸ್ ಎಂಬ ಅಮೆರಿಕದ ವೈದ್ಯರು ಇದನ್ನೇ ಶಾಸ್ತ್ರದ ಮಾತಾಗಿ ಬರೆದರು: ಕಾಯಿಲೆಯ ಕಾಲವನ್ನು ಬದುಕಿನ ಕಟ್ಟಕಡೆಗೆ ಒತ್ತಿ ಚಿಕ್ಕದು ಮಾಡಬೇಕು ಎಂದು. ಅವ್ವನ ಏಳು ವರ್ಷಗಳನ್ನು ಏಳು ತಿಂಗಳಿಗೆ ಇಳಿಸಲು ಆಗಿದ್ದಿದ್ದರೆ ನನಗೆ ಅದೇ ಅಮೃತ. ಬೆನ್ನು ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕಿತ್ತು. ನಾದಿನಿ ಹಗಲು, ತಮ್ಮ ರಾತ್ರಿ, ರಜೆಯಲ್ಲಿ ನಾನು. ಮಗ್ಗುಲು ಹೊರಳಿಸುವಾಗ ಅವಳ ಬೆನ್ನು ಹಲಗೆಯಂತೆ ಒಟ್ಟಿಗೆ ಹೊರಳುತ್ತಿತ್ತು. ಬುದ್ಧಿ ಕೊನೆಯವರೆಗೂ ನಿಚ್ಚಳವಾಗಿತ್ತು. ಅರವತ್ತಕ್ಕೆ ಅರಳು ಮರಳು ಎನ್ನುತ್ತಾರಲ್ಲ, ಅವಳಿಗೆ ಎಪ್ಪತ್ತೆರಡಕ್ಕೂ ಆಗಿರಲಿಲ್ಲ. ಎಲ್ಲವೂ ತಿಳಿಯುತ್ತಿತ್ತು.

ನಿಮ್ಮ ಸಂಸ್ಥೆಗೆ ನಮ್ಮ ಚಳ್ಳಕೆರೆ ಹತ್ತಿರದ ಕುದಾಪುರದಲ್ಲಿ 1,500 ಎಕರೆಯ ಎರಡನೇ ಆವರಣವಿದೆ. ಹಿಂದೆ ಅದು ಅಮೃತಮಹಲ್ ಕಾವಲು, ಸುತ್ತಲಿನ ಹಳ್ಳಿಗಳ ದನಕುರಿ ಮೇಯುತ್ತಿದ್ದ ನೆಲ. ಅಲ್ಲಿ ಶಿಕ್ಷಕರಿಗೆ ಕೊಡುವ ತರಬೇತಿಗೆ ನಾನೂ ಬಂದಿದ್ದೆ. ಮೊದಲ ಸಲ ಒಳ್ಳೆಯ ಸೂಕ್ಷ್ಮದರ್ಶಕದಲ್ಲಿ ನನ್ನದೇ ಕೆನ್ನೆಯ ಕೋಶ ನೋಡಿದ್ದು ಅಲ್ಲಿ. ಆ ಉಪಕಾರ ಮರೆಯುವುದಿಲ್ಲ. ಆ ಆವರಣದಿಂದಲೇ ಈ ಅಧ್ಯಯನದ ಒಂದು ಕವಲು ಶುರುವಾಗಲಿ ಎಂಬುದು ನನ್ನ ಕೋರಿಕೆ. ಇದು ಆಗದ ಮಾತಲ್ಲ. ನಿಮ್ಮ ಬೆಂಗಳೂರಿನ ಆವರಣದಲ್ಲೇ ಇರುವ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ ಹತ್ತು ಸಾವಿರ ಜನರನ್ನು ವರ್ಷಗಟ್ಟಲೆ ಹಿಂಬಾಲಿಸುವ ಗುರಿ ಇಟ್ಟುಕೊಂಡು ಕೆಲಸ ಮಾಡುತ್ತಿದೆ. ಅಲ್ಲಿ ಆಗಿದ್ದು ಚಳ್ಳಕೆರೆ, ಮೊಳಕಾಲ್ಮೂರು, ಜಗಳೂರುಗಳಲ್ಲೂ ಆಗಬಲ್ಲದು. ಬೋರಿನ ನೀರು ಕುಡಿದ ಊರು, ಕಾಲುವೆ ನೀರು ಕುಡಿದ ಊರು ಇಲ್ಲಿ ನಲವತ್ತು ಐವತ್ತು ಕಿಲೋಮೀಟರ್ ಅಂತರದಲ್ಲಿವೆ. ಒಂದೇ ಕುಲ, ಒಂದೇ ಊಟ, ಒಬ್ಬರಿಗೊಬ್ಬರು ಬೀಗರು. ಅಕ್ಕನನ್ನು ಇಲ್ಲಿಗೆ, ತಂಗಿಯನ್ನು ಅಲ್ಲಿಗೆ ಕೊಟ್ಟ ಮನೆಗಳು ಎಷ್ಟು ಬೇಕು ನಿಮಗೆ? ನನ್ನ ಅವ್ವ ಮತ್ತು ದೊಡ್ಡವ್ವ ಬರೀ ಇಬ್ಬರು. ಇಬ್ಬರಿಂದ ವಿಜ್ಞಾನವಾಗುವುದಿಲ್ಲ ಎಂದು ನನಗೆ ಗೊತ್ತು. ಅಂಥ ಸಾವಿರ ಜೋಡಿ ನಾವು ಹುಡುಕಿ ಕೊಡುತ್ತೇವೆ.

ದೊಡ್ಡ ಯಂತ್ರ ಬರುವವರೆಗೆ ಕಾಯಬೇಕಿಲ್ಲ. ಹಿಡಿತದ ಬಲ ಅಳೆಯುವ ಸಣ್ಣ ಉಪಕರಣ ಸಾಕು. 2015ರಲ್ಲಿ ಭಾರತವೂ ಸೇರಿ 17 ದೇಶಗಳ ಸುಮಾರು 1.4 ಲಕ್ಷ ಜನರ ಕೈಹಿಡಿತ ಅಳೆದ ಅಧ್ಯಯನದಲ್ಲಿ, ಹಿಡಿತ ಐದು ಕಿಲೋ ಕಡಿಮೆಯಾದ ಹಾಗೆಲ್ಲ ಸಾವಿನ ಸಾಧ್ಯತೆ ಶೇ 16ರಷ್ಟು ಹೆಚ್ಚಾಗಿ ಕಂಡಿತು. ಜೊತೆಗೆ ನಡಿಗೆಯ ವೇಗ, ಕುರ್ಚಿಯಿಂದ ಕೈಯೂರದೆ ಏಳುವುದು, ಗದ್ದ ಎದೆಗೆ ಮುಟ್ಟಿಸುವುದು, ಮೊಣಕಾಲು ಮಡಿಸದೆ ಕಾಲ್ಬೆರಳು ಮುಟ್ಟುವುದು. ಕೊನೆಯ ಎರಡು ಫ್ಲೋರೋಸಿಸ್, ಅಂದರೆ ಫ್ಲೋರೈಡಿನಿಂದ ಬರುವ ಕಾಯಿಲೆ, ಗುರುತಿಸುವ ಪರೀಕ್ಷೆಗಳೂ ಹೌದು. ಇವನ್ನೆಲ್ಲ ಶಾಲೆಯ ಅಂಗಳದಲ್ಲಿ ಒಂದು ಭಾನುವಾರ ಮಾಡಿ ಮುಗಿಸಬಹುದು.

ಒಂದು ಮಾತು ಮಾತ್ರ ಕಟ್ಟುನಿಟ್ಟಾಗಿ ಕೇಳುತ್ತೇನೆ. ಕೆಲವು ವರ್ಷದ ಹಿಂದೆ ನಮ್ಮೂರಿಗೆ ಒಂದು ತಂಡ ಬಂದಿತ್ತು. ಯಾರೆಂದು ಇಲ್ಲಿ ಬರೆಯುವುದಿಲ್ಲ. ನೀರು ತಗೊಂಡರು, ಮೂತ್ರ ತಗೊಂಡರು, ರಕ್ತ ತಗೊಂಡರು, ಮಕ್ಕಳ ತುಟಿ ಎತ್ತಿ ಹಲ್ಲಿನ ಫೋಟೊ ತೆಗೆದರು. ಮತ್ತೆ ಬರಲಿಲ್ಲ. ಹೆಬ್ಬೆಟ್ಟು ಒತ್ತಿ ಒಪ್ಪಿಗೆ ಕೊಟ್ಟ ನಮ್ಮ ಪಕ್ಕದ ಮನೆಯ ಅಜ್ಜ ಸಾಯುವವರೆಗೂ “ನನ್ ರಗ್ತದಾಗೆ ಏನ್ ಬಂತಂತವ್ವ?” ಎಂದು ನನ್ನನ್ನು ಕೇಳುತ್ತಿದ್ದ. ನೀವು ರಕ್ತ ತಗೊಂಡರೆ ಅದರಲ್ಲಿ ಏನು ಬಂತೆಂದು ಅದೇ ಕಟ್ಟೆಗೆ ಬಂದು, ಕನ್ನಡದಲ್ಲಿ, ಆ ಮನುಷ್ಯನ ಮುಂದೆ ಕೂತು ಹೇಳಬೇಕು. ನೀರಲ್ಲಿ ದೋಷ ಸಿಕ್ಕರೆ ಜಿಲ್ಲಾ ಪಂಚಾಯಿತಿಗೆ ನಿಮ್ಮ ಸಂಸ್ಥೆಯ ಕಾಗದದಲ್ಲಿ ಬರೆದುಕೊಡಬೇಕು. ನಮ್ಮೂರಲ್ಲಿ ಶುದ್ಧ ನೀರಿನ ಘಟಕವೊಂದಿದೆ, ಐದು ರೂಪಾಯಿ ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್. ಅದು ಕೆಟ್ಟು ನಿಂತಾಗ ನಾವು ಬರೆದ ಅರ್ಜಿಗಿಂತ ನೀವು ಬರೆದ ಒಂದು ಪುಟಕ್ಕೆ ಹೆಚ್ಚು ತೂಕ. ಘಟಕ ನಿಂತ ತಿಂಗಳುಗಳಲ್ಲಿ ಜನ ಮತ್ತೆ ಅದೇ ಬೋರಿನ ನೀರನ್ನೇ ಕುಡಿಯುತ್ತಾರೆ, ಹಾಲುಹಲ್ಲಿನ ಮಕ್ಕಳೂ ಕುಡಿಯುತ್ತಾರೆ.

ದೊಡ್ಡವ್ವನ ಹತ್ತಿರ ಮಾತಾಡಿದ್ದೇನೆ. ಎಷ್ಟು ಬೇಕೋ ಅಷ್ಟು ರಕ್ತ ತಗೊಳ್ಳಲಿ ಅಂದಿದ್ದಾಳೆ. ಖಾಲಿ ಹೊಟ್ಟೆಯಲ್ಲಿ ಇರಬೇಕಾದರೆ ಹಿಂದಿನ ದಿನವೇ ಹೇಳಿಕಳಿಸಿ, ಅವಳು ಆರಕ್ಕೇ ರೊಟ್ಟಿ ತಿಂದುಬಿಡುತ್ತಾಳೆ. ಎಂಟರೊಳಗೆ ಬಂದರೆ ಮನೆಯಲ್ಲಿ ಸಿಗುತ್ತಾಳೆ. ಆಮೇಲೆ ತೋಟಕ್ಕೆ ಹೋಗಿರುತ್ತಾಳೆ.

ತಮ್ಮ ವಿಶ್ವಾಸಿ,
ಒಬ್ಬ ವಿಜ್ಞಾನ ಶಿಕ್ಷಕಿ
ಚಳ್ಳಕೆರೆ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ